ಲಿಂಕ್ಡ್‌ಇನ್ ಪ್ರೊಫೈಲ್‌ನಲ್ಲಿ ಹೊಸ ಪದವೀಧರರು ಬರೆಯಬೇಕಾದದ್ದು

ಹೊಸದಾಗಿ ಪದವಿ ಮುಗಿಸಿದ ಅನೇಕರು ಉದ್ಯೋಗ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದು, ಹೆಸರು ಮತ್ತು ಕಾಲೇಜನ್ನು ನಮೂದಿಸಿ, ಅನುಭವವಿಲ್ಲದ ಮೇಲೆ ಇನ್ನೇನು ಬರೆಯುವುದೆಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬರೆಯುವಂಥದ್ದು ಅವರ ಬಳಿ ಇದ್ದೇ ಇರುತ್ತದೆ. ತಾವು ಮಾಡಿದ್ದನ್ನು ಕೆಲಸವೆಂದು ಗುರುತಿಸಲು ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲು ಹೆಸರಿನ ಕೆಳಗಿರುವ ಹೆಡ್‌ಲೈನ್ ಬರೆಯಿರಿ. ಗರಿಷ್ಠ 220 ಅಕ್ಷರಗಳ ಈ ಸಾಲು ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಹೆಸರಿನ ಜೊತೆಗೇ ಕಾಣಿಸುತ್ತದೆ. ನೇಮಕಾತಿ ಮಾಡುವವರು ಟ್ಯಾಲಿ (ಲೆಕ್ಕಪತ್ರದ ತಂತ್ರಾಂಶ), ಜಿಎಸ್‌ಟಿ, ಎಕ್ಸೆಲ್ ಎಂಬಂಥ ಪದಗಳನ್ನು ಹಾಕಿ ಹುಡುಕುತ್ತಾರೆಯೇ ಹೊರತು ‘ಶ್ರಮಜೀವಿ’ ಎಂದಲ್ಲ. ಆದ್ದರಿಂದ ‘ಒಳ್ಳೆಯ ಅವಕಾಶದ ನಿರೀಕ್ಷೆಯಲ್ಲಿದ್ದೇನೆ’ ಎನ್ನುವ ಬದಲು ‘ಬಿ.ಕಾಂ. ಪದವೀಧರೆ, ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ಹುಬ್ಬಳ್ಳಿ’ ಎಂದು ಬರೆಯುವುದು ಮೇಲು. ನೀವು ಬಯಸುವ ಹುದ್ದೆಯ ಐದಾರು ಜಾಹೀರಾತುಗಳನ್ನು ಓದಿ, ಅವುಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ಗುರುತಿಸಿಕೊಂಡು, ನಿಮಗೆ ನಿಜವಾಗಿಯೂ ಬರುವಷ್ಟನ್ನು ಮಾತ್ರ ಸೇರಿಸಿ.

ಹೆಚ್ಚು ಸಮಯ ಸಲ್ಲಬೇಕಾದದ್ದು ಅನುಭವದ ಭಾಗಕ್ಕೆ. ಒಬ್ಬ ವಿದ್ಯಾರ್ಥಿನಿ ತನ್ನೂರಿನ ಆಡಿಟರ್ ಕಚೇರಿಗೆ ಮೂರು ತಿಂಗಳು ಹೋಗಿದ್ದಾಳೆಂದು ಭಾವಿಸೋಣ. ‘ಲೆಕ್ಕಪತ್ರದಲ್ಲಿ ಸಹಾಯ ಮಾಡಿದ್ದೇನೆ’ ಎಂದರೆ ಓದುವವರಿಗೆ ಏನೂ ತಿಳಿಯದು. ‘ಎಂಟು ಅಂಗಡಿಗಳ ಮಾರಾಟದ ಬಿಲ್ಲುಗಳನ್ನು ಟ್ಯಾಲಿಗೆ ಏರಿಸಿ ಜಿಎಸ್‌ಟಿಆರ್-1ಕ್ಕೆ ವಿವರ ಸಿದ್ಧಪಡಿಸಿದೆ, ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿಯೊಂದಿಗೆ ತಾಳೆ ನೋಡಿದೆ’ (ಮೊದಲನೆಯದು ಮಾರಾಟದ ಜಿಎಸ್‌ಟಿ ರಿಟರ್ನ್, ಎರಡನೆಯದು ಖರೀದಿಗೆ ಸಂಬಂಧಿಸಿದ ಜಿಎಸ್‌ಟಿ ವಿವರಪಟ್ಟಿ) ಎಂದು ಬರೆದರೆ, ಸಂದರ್ಶಕರಿಗೆ ಕೇಳಲು ಪ್ರಶ್ನೆ ಸಿಗುತ್ತದೆ, ಆಕೆಗೆ ಹೇಳಲು ಉತ್ತರವಿರುತ್ತದೆ. ಮನೆಯ ಅಂಗಡಿಯ ಲೆಕ್ಕ ನೋಡಿಕೊಂಡಿದ್ದರೆ ಅದನ್ನೂ ಸಂಕೋಚವಿಲ್ಲದೆ ಸೇರಿಸಬಹುದು, ಏಕೆಂದರೆ ಅದೂ ಜವಾಬ್ದಾರಿಯ ಕೆಲಸವೇ.

ನಿಮ್ಮ ಪರಿಚಯ ಬರೆಯುವ ‘ಅಬೌಟ್’ ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಲು ಅವಕಾಶವಿದ್ದರೂ ಅಷ್ಟನ್ನೂ ತುಂಬಬೇಕಿಲ್ಲ. ಮೊದಲ ಕೆಲವು ಸಾಲುಗಳಷ್ಟೇ ತೆರೆದಿದ್ದು ಉಳಿದದ್ದು ಮಡಚಿಕೊಂಡಿರುವುದರಿಂದ, ಯಾವ ಕೆಲಸ ಬಲ್ಲಿರಿ, ಯಾವ ಊರಿಗೆ ಹೋಗಲು ಸಿದ್ಧರಿದ್ದೀರಿ ಎಂಬುದು ಆರಂಭದಲ್ಲೇ ಬರಲಿ. ಫೋಟೊಗೆ ಸ್ಟುಡಿಯೊ ಬೇಡ. ಕಿಟಕಿಯ ಬೆಳಕಿಗೆ ಮುಖವೊಡ್ಡಿ, ಖಾಲಿ ಗೋಡೆಯ ಮುಂದೆ ಮೊಬೈಲಿನಲ್ಲಿ ತೆಗೆದರೆ ಸಾಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಬಿಡಬೇಡಿ: ಕರ್ನಾಟಕದಲ್ಲಿ ಗ್ರಾಹಕರೊಡನೆ ಮಾತನಾಡಬೇಕಾದ ಹುದ್ದೆಗಳಿಗೆ ಅದು ಅರ್ಹತೆಯೇ.

ಕೆಲಸ ಹುಡುಕುತ್ತಿದ್ದೀರೆಂದು ತಿಳಿಸುವ ‘ಓಪನ್ ಟು ವರ್ಕ್’ ಆಯ್ಕೆಯನ್ನು ಎಲ್ಲರಿಗೂ ಕಾಣುವಂತೆಯೂ ಇಡಬಹುದು, ನೇಮಕಾತಿ ಮಾಡುವವರಿಗಷ್ಟೇ ಕಾಣುವಂತೆಯೂ ಇಡಬಹುದು. ಈಗಾಗಲೇ ಎಲ್ಲಿಯಾದರೂ ಕೆಲಸದಲ್ಲಿರುವವರಿಗೆ ಎರಡನೆಯದು ಸೂಕ್ತ. ನೌಕ್ರಿ ಎಂಬ ಉದ್ಯೋಗ ತಾಣದಲ್ಲಿಯೂ ನಿಮ್ಮ ಖಾತೆಯಿದ್ದರೆ ಎರಡೂ ಕಡೆ ಓದು, ಕೆಲಸದ ತಿಂಗಳು, ವರ್ಷಗಳು ಒಂದೇ ಇವೆಯೇ ಎಂದು ನೋಡಿಕೊಳ್ಳಿ.

ಆಧಾರ್ ಸಂಖ್ಯೆ, ಮನೆಯ ವಿಳಾಸ, ಅಂಕಪಟ್ಟಿಯ ಚಿತ್ರಗಳನ್ನು ಪ್ರೊಫೈಲ್‌ನಲ್ಲಿ ಹಾಕಬೇಡಿ. ಕೆಲಸ ಕೊಡುತ್ತೇವೆಂದು ಸಂದೇಶ ಕಳುಹಿಸಿ ನೋಂದಣಿಗೋ ತರಬೇತಿಗೋ ಮುಂಗಡ ಹಣ ಕೇಳಿದರೆ ಕೊಡದೆ, ಆ ಖಾತೆಯ ಬಗ್ಗೆ ಲಿಂಕ್ಡ್‌ಇನ್‌ಗೆ ದೂರು ನೀಡಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಗೆ ಕರೆ ಮಾಡಿ.