ಫ್ರೀಹೋಲ್ಡರ್ ನಾಪತ್ತೆಯಾಗಿದ್ದರೆ: ಇಂಗ್ಲೆಂಡಿನಲ್ಲಿ ಫ್ಲ್ಯಾಟು ಕೊಂಡ ಹೊಸಬರಿಗೆ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕೊಂಡವರಿಗೆ ಕ್ರಯಪತ್ರದ ಮೂಲಕ ನೆಲದ ಅವಿಭಜಿತ ಪಾಲೂ ಸೇರಿ ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟು ಕೊಂಡವರಿಗೆ ಸಾಮಾನ್ಯವಾಗಿ ದೊರೆಯುವುದು ನಿಗದಿತ ವರ್ಷಗಳ ಲೀಸ್ ಮಾತ್ರ. ಕಟ್ಟಡವೂ ನೆಲವೂ (ಇವುಗಳ ಪೂರ್ಣ ಒಡೆತನವೇ ಫ್ರೀಹೋಲ್ಡ್) ಫ್ರೀಹೋಲ್ಡರ್‌ಗೆ ಸೇರಿರುತ್ತವೆ. ಲಂಡನ್ನಿನ ಹ್ಯಾರೋ, ಇಲ್ಫರ್ಡ್, ಕ್ರಾಯ್ಡನ್ ಕಡೆಗಳಲ್ಲಿ ಹಳೆಯ ಸಾಲುಮನೆಯನ್ನು ಮೇಲೊಂದು, ಕೆಳಗೊಂದು ಫ್ಲ್ಯಾಟಾಗಿ ವಿಭಾಗಿಸಿರುವಲ್ಲಿ, ಗ್ರೌಂಡ್ ರೆಂಟ್ (ಫ್ರೀಹೋಲ್ಡರ್‌ಗೆ ಕೊಡುವ ನೆಲಬಾಡಿಗೆ) ಕೇಳಲು ವರ್ಷಗಳಿಂದ ಯಾರೂ ಬಂದಿಲ್ಲವೆಂದು ಮಾರುವವರು ಹೇಳಿದರೆ ಅದನ್ನು ಲಾಭವೆಂದು ತಿಳಿಯಬೇಡಿ. ಲೀಸ್ ವಿಸ್ತರಿಸಿಕೊಡಲು ಯಾರೂ ಇರುವುದಿಲ್ಲ, ಕಟ್ಟಡದ ವಿಮೆ ಯಾರ ಹೊಣೆಯೆಂಬುದು ತೂಗಾಡುತ್ತದೆ, ಸಾಲ ಕೊಡುವ ಬ್ಯಾಂಕು ಹಿಂಜರಿಯುತ್ತದೆ.

ಮೊದಲು ತೀರ್ಮಾನವಾಗಬೇಕಾದದ್ದು, ಫ್ರೀಹೋಲ್ಡರ್ ಕಾನೂನಿನ ಕಣ್ಣಿನಲ್ಲಿ ನಿಜವಾಗಿಯೂ ನಾಪತ್ತೆಯೇ ಎಂಬುದು. ಲ್ಯಾಂಡ್ ರಿಜಿಸ್ಟ್ರಿಯಿಂದ ಫ್ರೀಹೋಲ್ಡ್‌ನ ದಾಖಲೆಯನ್ನು ತರಿಸಿಕೊಂಡರೆ ಮಾಲೀಕರ ಹೆಸರೂ ವಿಳಾಸವೂ ಸಿಗುತ್ತವೆ. ವಿಳಾಸ ಸರಿಯಿದ್ದೂ ಉತ್ತರಿಸದವರು ನಾಪತ್ತೆಯಾದವರಲ್ಲ. ಅವರಿಗೆ ಎಂದಿನಂತೆ ಫ್ರೀಹೋಲ್ಡ್ ಕೊಳ್ಳುವ ನೋಟಿಸು ಕೊಡಬೇಕು, ಪ್ರತಿನೋಟಿಸು ಬಾರದಿದ್ದರೆ ಆ ಮೌನವನ್ನೇ ಹಿಡಿದು ಕೋರ್ಟಿಗೆ ಹೋಗಬಹುದು. ತೀರಿಹೋಗಿದ್ದರೆ ಪ್ರೊಬೇಟ್ (ಮೃತರ ಆಸ್ತಿ ನಿರ್ವಹಣೆಯ ಕೋರ್ಟು ಅನುಮತಿ) ದಾಖಲೆಗಳಲ್ಲಿ ಆಸ್ತಿಯ ನಿರ್ವಾಹಕರನ್ನು ಹುಡುಕಬೇಕು. ಮಾಲೀಕತ್ವ ಕಂಪನಿಯದಾಗಿದ್ದು, ಅದು ವಿಸರ್ಜನೆಯಾಗಿದೆಯೆಂದು ಕಂಪನಿಗಳ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ಕಂಡುಬಂದರೆ ದಾರಿಯೇ ಬೇರೆ: ಅದರ ಆಸ್ತಿ ಸಾಮಾನ್ಯವಾಗಿ ಕ್ರೌನ್‌ಗೆ, ಅಂದರೆ ಬ್ರಿಟಿಷ್ ರಾಜಪ್ರಭುತ್ವಕ್ಕೆ, ಹೋಗಿರುತ್ತದೆ, ಮಾರಾಟದ ಮಾತುಕತೆ ಸರ್ಕಾರಿ ಕಾನೂನು ಇಲಾಖೆಯ ಬೋನಾ ವೆಕಾನ್ಷಿಯಾ (ವಾರಸುದಾರರಿಲ್ಲದ ಆಸ್ತಿ) ವಿಭಾಗದೊಂದಿಗೆ ನಡೆಯಬೇಕು. ಈ ವ್ಯತ್ಯಾಸವನ್ನು ಗಮನಿಸದೆ ನೇರವಾಗಿ ಕೋರ್ಟಿಗೆ ಹೋದರೆ ಶುಲ್ಕವೂ ಕಾಲವೂ ವ್ಯರ್ಥವಾಗಬಹುದು.

ಇಷ್ಟಾದರೂ ಮಾಲೀಕರ ಸುಳಿವು ಸಿಗದಿದ್ದರೆ 1993ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯ 26ನೇ ಸೆಕ್ಷನ್ನಿನ ಅಡಿಯಲ್ಲಿ ಕೌಂಟಿ ಕೋರ್ಟಿನಿಂದ ವೆಸ್ಟಿಂಗ್ ಆರ್ಡರ್, ಅಂದರೆ ಫ್ರೀಹೋಲ್ಡನ್ನು ಫ್ಲ್ಯಾಟಿನವರಿಗೆ ವರ್ಗಾಯಿಸುವ ಆದೇಶ, ಕೇಳಬಹುದು. ಆದರೆ ಒಬ್ಬರೇ ಮುಂದಾದರೆ ಸಾಲದು: ಕಟ್ಟಡದ ಒಟ್ಟು ಫ್ಲ್ಯಾಟುಗಳಲ್ಲಿ ಕನಿಷ್ಠ ಅರ್ಧದಷ್ಟರ ಒಡೆಯರು ಸೇರಬೇಕು, ಎರಡೇ ಫ್ಲ್ಯಾಟುಗಳಿದ್ದರೆ ಇಬ್ಬರೂ ಸೇರಲೇಬೇಕು. ಆದ್ದರಿಂದ ಸಾಲಿಸಿಟರನ್ನು ಕಾಣುವ ಮೊದಲು ಮೇಲಿನ ಮನೆಯವರೊಂದಿಗೆ ಮಾತನಾಡುವುದು ಒಳಿತು. ಅವರು ಒಪ್ಪದಿದ್ದರೂ ನಿಮ್ಮ ಲೀಸನ್ನು ಮಾತ್ರ ವಿಸ್ತರಿಸಿಕೊಳ್ಳಲು ಅದೇ ಕಾಯ್ದೆಯ 50ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದಕ್ಕೆ ಎರಡು ವರ್ಷ ಮಾಲೀಕರಾಗಿರಬೇಕೆಂಬ ಹಳೆಯ ನಿಯಮ 2025ರ ಜನವರಿ 31ರಿಂದ ಇಲ್ಲವಾಗಿದೆ.

ಕೋರ್ಟು ಮುಖ್ಯವಾಗಿ ನೋಡುವುದು ನೀವು ಎಷ್ಟು ಪ್ರಾಮಾಣಿಕವಾಗಿ ಹುಡುಕಿದ್ದೀರಿ ಎಂಬುದನ್ನು. ಹಳೆಯ ವಿಳಾಸಗಳಿಗೆ ಬರೆದ ಪತ್ರಗಳು, ಹಿಂದಿರುಗಿ ಬಂದ ಲಕೋಟೆಗಳು, ಪತ್ತೆದಾರಿ ಸಂಸ್ಥೆಯ ವರದಿ, ಇವೆಲ್ಲವನ್ನೂ ದಿನಾಂಕಸಹಿತ ಜೋಪಾನವಾಗಿಡಿ. ಸಾಲದೆಂದು ಕಂಡರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡುವಂತೆಯೂ ಕೋರ್ಟು ಹೇಳಬಹುದು. ನಡುವೆ ಮಾಲೀಕರು ಸಿಕ್ಕಿಬಿಟ್ಟರೆ ಈ ಮಾರ್ಗ ಅಲ್ಲಿಗೇ ನಿಂತು, ಸಾಮಾನ್ಯ ನೋಟಿಸಿನ ಮಾರ್ಗ ಹಿಡಿಯಬೇಕಾಗುತ್ತದೆ.

ಬೆಲೆಯನ್ನು ನಿರ್ಧರಿಸುವುದು ಫಸ್ಟ್-ಟಿಯರ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿ. ವೇಲ್ಸ್‌ನಲ್ಲಿ ಅಲ್ಲಿನದೇ ಟ್ರಿಬ್ಯೂನಲ್ ಇದೆ. ಎದುರು ವಾದಿಸುವವರಿಲ್ಲ ಎಂದು ಕಡಿಮೆ ಬೆಲೆ ಹೇಳಿ ಪಾರಾಗಬಹುದೆಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ, ನಿಮ್ಮ ಸರ್ವೇಯರ್‌ನ ವರದಿಯನ್ನು ಅದು ತಾನೇ ಪರಿಶೀಲಿಸುತ್ತದೆ. ಲೀಸಿನಲ್ಲಿ 80 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ 1993ರ ಕಾಯ್ದೆಯ ಲೆಕ್ಕದಲ್ಲಿ ಮ್ಯಾರೇಜ್ ವ್ಯಾಲ್ಯೂ (ಲೀಸ್ ಮತ್ತು ಫ್ರೀಹೋಲ್ಡ್ ಒಂದೇ ಕೈಗೆ ಬರುವುದರಿಂದ ಹೆಚ್ಚುವ ಮೌಲ್ಯದ ಪಾಲು) ಸೇರಿ ಬೆಲೆ ಏರುತ್ತದೆ. 2024ರ ಲೀಸ್‌ಹೋಲ್ಡ್ ಮತ್ತು ಫ್ರೀಹೋಲ್ಡ್ ಸುಧಾರಣಾ ಕಾಯ್ದೆ ಇದನ್ನು ರದ್ದುಪಡಿಸುವಂತೆ ಬರೆದಿದ್ದರೂ ಅದರ ಭಾಗಗಳು ಬೇರೆ ಬೇರೆ ದಿನಾಂಕಗಳಂದು ಜಾರಿಯಾಗುವುದರಿಂದ, ಅರ್ಜಿ ಹಾಕುವ ದಿನದ ಸ್ಥಿತಿಯನ್ನು ಸಾಲಿಸಿಟರಲ್ಲಿ ಕೇಳಿ ತಿಳಿಯಿರಿ.

ನಿಗದಿಯಾದ ಬೆಲೆಯನ್ನೂ ಲೀಸಿನ ಬಾಬ್ತು ಬಾಕಿ ಸಂದಾಯವಾಗಬೇಕಾದದ್ದೇನಾದರೂ ಇದ್ದರೆ ಅದನ್ನೂ ಕೋರ್ಟಿನಲ್ಲಿ ಠೇವಣಿ ಇಡಬೇಕು. ಆ ಬಳಿಕ ಕಾಣೆಯಾದ ಮಾಲೀಕರ ಪರವಾಗಿ ಕೋರ್ಟು ನೇಮಿಸಿದವರು ವರ್ಗಾವಣೆ ಪತ್ರಕ್ಕೆ ಸಹಿ ಮಾಡುತ್ತಾರೆ. ನೆಲವನ್ನು ನಾಲ್ವರ ಹೆಸರಿನವರೆಗೆ ಜಂಟಿಯಾಗಿ ನೋಂದಾಯಿಸಬಹುದು, ಅದಕ್ಕಿಂತ ಹೆಚ್ಚು ಜನರಿದ್ದರೆ ಮೊದಲೇ ಒಂದು ಕಂಪನಿ ಮಾಡಿಕೊಳ್ಳಬೇಕು. ನೋಂದಣಿಯಾದ ಮೇಲೂ ನಿಮ್ಮ ಲೀಸ್ ತಾನಾಗಿ ಬೆಳೆಯುವುದಿಲ್ಲವಾದ್ದರಿಂದ, ಅದನ್ನು 999 ವರ್ಷಕ್ಕೆ ವಿಸ್ತರಿಸುವ ಪತ್ರವನ್ನು ನೆರೆಯವರ ಒಪ್ಪಿಗೆಯೊಂದಿಗೆ ಆಗಲೇ ಬರೆಸಿಕೊಳ್ಳಿ. ಫ್ಲ್ಯಾಟುಗಳು ಕೈ ಬದಲಾದ ಮೇಲೆ ಹೊಸ ನೆರೆಯವರನ್ನು ಒಪ್ಪಿಸುವುದು ಅಷ್ಟು ಸುಲಭವಲ್ಲ.