ಥೀಸಿಸ್ ಜೊತೆಗೆ ಇನ್ನೊಂದು ನೋಟ್‌ಬುಕ್

ನನ್ನ ಪಿಎಚ್‌ಡಿ ಉತ್ತರ ಕನ್ನಡದ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬೆಳಚಿನ ಮೇಲೆ, ಅಂದರೆ ಅಲ್ಲಿ ಸಿಗುವ ತಿನ್ನುವ ಚಿಪ್ಪುಜೀವಿಯ ಮೇಲೆ. ಮುಗಿಸಿ ಮೊದಲ ಇಂಟರ್‌ವ್ಯೂಗೆ ಹೋದಾಗ ಕೇಳಿದ್ದು ಒಂದೇ, "ನಿಮಗೆ ಏನೇನು ಕೆಲಸ ಬರುತ್ತದೆ?" ನಾನು ಥೀಸಿಸ್ಸಿನ ಹೆಸರು ಹೇಳಿದೆ. ಅವರು ಬಯೋಡೇಟಾ ಮಗುಚಿ ಇಟ್ಟರು.

ನೀವು ಹಾಗೆ ಮಾಡಬೇಡಿ. ಮೊದಲ ವರ್ಷದಿಂದಲೇ ಬೇರೆ ನೋಟ್‌ಬುಕ್ ಇಡಿ. ಪ್ರತಿ ಶನಿವಾರ ಬರೆಯಿರಿ: ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದೆ. "ಫೀಲ್ಡ್‌ವರ್ಕ್ ಮಾಡಿದೆ" ಅಂತ ಬರೆದರೆ ಸುಮ್ನೆ ಶಾಯಿ ದಂಡ.

ನನ್ನದನ್ನೇ ನೋಡಿ. ನೀರಿನ ಇಳಿತ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಇವತ್ತು 7ಕ್ಕೆ ಇಳಿದರೆ ನಾಳೆ 8ರ ಹತ್ತಿರ. ದೋಣಿಯವರು, ಬೆಳಚು ಆರಿಸುವ ಹೆಂಗಸರು, ಲ್ಯಾಬಿನ ಸರದಿ, ಕುಮಟಾ ಬಸ್ಸು, ಎಲ್ಲವನ್ನೂ ಆ ನೀರಿಗೆ ಹೊಂದಿಸಬೇಕು. ಮೂರು ವರ್ಷ ಹೊಂದಿಸಿದೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅನ್ನೋದು ಇದನ್ನೇ ಅಂತ ಹೊಳೆಯಲೇ ಇಲ್ಲ! ಈಗ ಬಯೋಡೇಟಾದಲ್ಲಿ ಇದನ್ನೇ ಬರೆಯುತ್ತೇನೆ, ಎಷ್ಟು ಜನ, ಎಷ್ಟು ತಿಂಗಳು ಅನ್ನೋದರ ಸಮೇತ.

ಮಾತಾಡುವುದನ್ನು ಕಲಿಯಲು ಸೆಮಿನಾರ್ ಹಾಲ್‌ಗಿಂತ ಮರಳದಿಬ್ಬ ವಾಸಿ. ಒಬ್ಬ ಅಕ್ಕ ಕೇಳಿದ್ದರು, "ಇಷ್ಟ್ ಸಣ್ಣದನ್ನ ಅಳ್ದು ಏನ್ ಮಾಡ್ತೆ ತಂಗಿ?" ಮರಿ ಬೆಳಚು ಯಾವ ತಿಂಗಳು ಜಾಸ್ತಿ ಅಂತ ಗೊತ್ತಾದರೆ ಆಗ ಆರಿಸುವುದನ್ನು ಬಿಡಬಹುದು ಅಂದೆ. ಅವರು ನಕ್ಕು, ತಿಂಗಳಿನ ಜೊತೆಗೆ ಜಾಗವನ್ನೂ ಹೇಳಿಬಿಟ್ಟರು! ಕೇಳಿಸಿಕೊಳ್ಳುವುದೂ ಕೆಲಸವೇ ಅಂತ ಆಮೇಲೆ ನೋಟ್‌ಬುಕ್ಕಿಗೆ ಹೋಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಒಂದು ಸ್ಪರ್ಧೆ ಶುರುಮಾಡಿತು: 3 ನಿಮಿಷ, ಒಂದೇ ಸ್ಲೈಡ್, ಇಡೀ ಸಂಶೋಧನೆ. ಮನೆಯಲ್ಲೇ ಗಡಿಯಾರ ಇಟ್ಟು ಹೇಳಿ ನೋಡಿ. ಕನ್ನಡದಲ್ಲಿ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೇ ಪೂರ್ತಿ ಅರ್ಥವಾಗಿಲ್ಲ.

ಯುಜಿಸಿಯ 2022ರ ನಿಯಮದ ಪ್ರಕಾರ ಸ್ಕಾಲರ್‌ಗಳಿಗೆ ವಾರಕ್ಕೆ 4ರಿಂದ 6 ಗಂಟೆ ಪಾಠದ ಅಥವಾ ಲ್ಯಾಬಿನ ಕೆಲಸ ಕೊಡಬಹುದು. ಕೊಟ್ಟರೆ ಗೊಣಗಬೇಡಿ, ಕೊಡದಿದ್ದರೆ ಗೈಡ್ ಹತ್ತಿರ ಕೇಳಿ ತಗೊಳ್ಳಿ. ಡೇಟಾ ಎರಡು ಕಡೆ ಇಡಿ. ನನ್ನ ಫೋನ್ ಇನ್ನೂ ಅಳಿವೆಯ ಕೆಸರಲ್ಲೇ ಇದೆ.

ಆರು ತಿಂಗಳಿಗೊಮ್ಮೆ ನೋಟ್‌ಬುಕ್ಕನ್ನು ಒಂದು ಪುಟಕ್ಕೆ ಇಳಿಸಿ, ನಿಮ್ಮ ವಿಷಯ ಗೊತ್ತಿಲ್ಲದವರಿಗೆ ಕೊಡಿ. ನಾನು ಶಿರಸಿಯಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವ ಅಣ್ಣನಿಗೆ ಕಳಿಸುತ್ತೇನೆ. ಅರ್ಥವಾಗದ ಸಾಲಿಗೆಲ್ಲ ಕೆಂಪು ಗೀಟು ಎಳೆಯುತ್ತಾನೆ. ಮೊದಲ ಸಲ ಹನ್ನೊಂದು ಗೀಟು ಬಿದ್ದಿತ್ತು.