ಪಾಸ್‌ವರ್ಡ್ ಕೊಟ್ಟ ಮೇಲೆ ಕಲ್ಲಾಗುವ ಲಿನಕ್ಸ್: ನಾನು ಎಬ್ಬಿಸಿದ ಬಗೆ

ಲಾಗಿನ್ ಪರದೆ ಕಾಣಿಸುತ್ತಿದೆ ಎಂದರೆ ಕಂಪ್ಯೂಟರ್ ಮುಕ್ಕಾಲು ಕೆಲಸ ಮುಗಿಸಿದೆ. ಡಿಸ್ಕ್ ಸಿಕ್ಕಿದೆ, ಲಿನಕ್ಸ್‌ನ ತಿರುಳಾದ ಕರ್ನಲ್ ಎದ್ದಿದೆ, ಹಿನ್ನೆಲೆಯ ಸೇವೆಗಳೂ ಶುರುವಾಗಿವೆ. ಅದಾದ ಮೇಲೆ ನಿಂತರೆ ಬಹುತೇಕ ಚಿತ್ರ ಮೂಡಿಸುವ ಭಾಗದಲ್ಲೋ ನಮ್ಮ ಖಾತೆಯ ಸೆಟ್ಟಿಂಗ್‌ನಲ್ಲೋ ಏನೋ ಸಿಕ್ಕಿಹಾಕಿಕೊಂಡಿರುತ್ತದೆ. ಇಷ್ಟಕ್ಕೇ ‘ಫಾರ್ಮ್ಯಾಟ್ ಮಾಡಿಬಿಡಿ’ ಎಂಬ ಸಲಹೆ ಎಲ್ಲ ಕಡೆಯಿಂದಲೂ ಪುಕ್ಕಟೆ ಬರುತ್ತದೆ. ಹೇಳುವವರ ಫೈಲುಗಳೇನೂ ಅದರಲ್ಲಿ ಇರುವುದಿಲ್ಲವಲ್ಲ!

ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ. ಇಂಕ್‌ಸ್ಕೇಪ್ ಎಂಬ ಚಿತ್ರವಿನ್ಯಾಸದ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಬಳಸುತ್ತೇನೆ, ಯಂತ್ರ ಡೆಬಿಯನ್ ವಂಶದ ಒಂದು ಲಿನಕ್ಸ್, ಮೆನುಗಳೆಲ್ಲ ಕನ್ನಡದಲ್ಲೇ. ಮದುವೆ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಆಪರೇಟರ್ ಹುಡುಗ ಬಂದು, “ಸರ್, ಪಾಸ್‌ವರ್ಡ್ ಹೊಡೆದ್ರೆ ಅಲ್ಲೇ ನಿಂತ್ಬಿಡತ್ತೆ, ಮೌಸೂ ಅಲ್ಲಾಡಲ್ಲ” ಅಂದ. ಹಿಂದಿನ ಸಂಜೆ ಅಪ್‌ಡೇಟ್ ಆಗಿತ್ತು.

ಇಂಥ ಹೊತ್ತಲ್ಲಿ ನಾನು ಮೊದಲು ಒತ್ತುವುದು ಕ್ಯಾಪ್ಸ್ ಲಾಕ್. ಅದರ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಜೀವಂತವಾಗಿದೆ, ಪರದೆ ಮಾತ್ರ ಸತ್ತಿದೆ. ಆಗ ಪವರ್ ಬಟನ್ ಅದುಮಿ ಹಿಡಿಯುವ ಅಗತ್ಯವೇ ಇಲ್ಲ. ಅರ್ಧಕ್ಕೆ ನಿಂತ ಅಪ್‌ಡೇಟಿನ ಮೇಲೆ ಕರೆಂಟನ್ನೂ ಕಿತ್ತರೆ ಫೈಲ್ ಸಿಸ್ಟಮ್ಮಿನ ತೊಂದರೆ ಬೇರೆ ಸೇರಿಕೊಳ್ಳುತ್ತದೆ. ದೀಪ ಹತ್ತಿತು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಅಕ್ಷರದಲ್ಲೇ ಆಜ್ಞೆ ಕೊಡುವ ಕಪ್ಪು ಪರದೆ, ಅಂದರೆ ಕನ್ಸೋಲ್ ತೆರೆಯಿತು. ಅದೂ ಬಾರದಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಒಂದೆರಡು ಸೆಕೆಂಡು ಬಿಟ್ಟು ಬಿಟ್ಟು ಒತ್ತುವ ಉಪಾಯವಿದೆ. ಎಸ್‌ಗೆ ಬಾಕಿ ಬರಹ ಡಿಸ್ಕ್‌ಗೆ ಇಳಿಯುತ್ತದೆ, ಯುಗೆ ಡಿಸ್ಕ್ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ, ಬಿಗೆ ಯಂತ್ರ ಮರುಚಾಲೂ ಆಗುತ್ತದೆ.

ಕನ್ಸೋಲ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟೆ. ಇಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಮೂಡುವುದಿಲ್ಲ, ಕೀಲಿಮಣೆ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಒಳಗೆ ಹೋಗಿ ಒಂದು ಆಜ್ಞೆ ಕೊಟ್ಟರೆ ಪರದೆ ತುಂಬ ಬರೀ ಚೌಕ ಚೌಕ. ಮೆನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಮಾತ್ರ ಬರುವ ಕಷ್ಟ ಇದು. ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಸುಳಿವೂ ಸಿಗದು. ಲಿನಕ್ಸ್ ಕನ್ಸೋಲ್‌ನ ಫಾಂಟಿಗೆ ಹೆಚ್ಚೆಂದರೆ 512 ಆಕೃತಿಗಳ ಮಿತಿಯಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದದ್ದು 128 ಸ್ಥಾನ, ಆದ್ದರಿಂದ ಜಾಗದ ಕೊರತೆ ಅಂತಲ್ಲ. ಒತ್ತಕ್ಷರವನ್ನು ಕೆಳಗೆ ಕೂರಿಸುವ, ಗುಣಿತವನ್ನು ವ್ಯಂಜನಕ್ಕೆ ಬೆಸೆಯುವ ತಂತ್ರಾಂಶವೇ ಆ ಪದರದಲ್ಲಿಲ್ಲ. ದಾರಿ ಸುಲಭ: ಎಕ್ಸ್‌ಪೋರ್ಟ್ ಆಜ್ಞೆಯಿಂದ ಭಾಷೆಯನ್ನು ನಿರ್ಧರಿಸುವ ಎಲ್‌ಸಿ_ಆಲ್ ಎಂಬುದರ ಬೆಲೆಯನ್ನು ದೊಡ್ಡಕ್ಷರದ ‘ಸಿ’ ಎಂದು ಇಡಿ. ಆ ಕ್ಷಣದಿಂದ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡದ ಮೆನು ಎಲ್ಲಿಗೂ ಹೋಗುವುದಿಲ್ಲ, ಆ ಕನ್ಸೋಲ್‌ನ ಮಟ್ಟಿಗಷ್ಟೇ ಬದಲು. ಕನ್ನಡ ಹೆಸರಿನ ಫೋಲ್ಡರ್‌ಗಳು ಆಗಲೂ ಅರ್ಥವಾಗದ ಗುರುತುಗಳಾಗಿಯೇ ಕಾಣುತ್ತವೆ. ಅವುಗಳೊಳಗಿನ ಫೈಲುಗಳಿಗೆ ಏನೂ ಆಗಿರುವುದಿಲ್ಲ. ಪೆನ್ ಡ್ರೈವಿಗೆ ಪ್ರತಿ ಮಾಡಿಕೊಳ್ಳಬೇಕಿದ್ದರೆ ಒಂದೊಂದೇ ಹೆಸರು ಹೊಡೆಯುವ ಗೋಜಿಗೆ ಹೋಗದೆ ಮೇಲಿನ ಫೋಲ್ಡರನ್ನು ಇಡಿಯಾಗಿ ಪ್ರತಿ ಮಾಡಿ. ಅಂದು ಅಚ್ಚಿಗೆ ಹೋಗಬೇಕಿದ್ದ ಪತ್ರಿಕೆಗಳನ್ನು ನಾನು ಹಾಗೇ ತೆಗೆದು ಪಕ್ಕದ ಯಂತ್ರಕ್ಕೆ ದಾಟಿಸಿ, ಹುಡುಗನನ್ನು ಅಲ್ಲಿ ಕೂರಿಸಿದೆ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ರಿಪೇರಿಗೆ ಕೈ ಹಾಕಬಾರದು.

ಆಮೇಲೆ ನಿಧಾನವಾಗಿ ಹುಡುಕಾಟ. ಹೊಸ ಖಾತೆಯೊಂದನ್ನು ಮಾಡಿ ಅದರಲ್ಲಿ ಲಾಗಿನ್ ಆಗಿ ನೋಡಿದೆ, ಅಲ್ಲೂ ಅದೇ ಗತಿ. ಹಾಗಾದರೆ ನನ್ನ ಖಾತೆಯ ಸೆಟ್ಟಿಂಗ್ ನಿರಪರಾಧಿ. ಡಿಎಫ್ ಆಜ್ಞೆಗೆ ಮೈನಸ್ ಎಚ್ ಸೇರಿಸಿ ಜಾಗ ನೋಡಿದಾಗ ಕಳ್ಳ ಸಿಕ್ಕ: ಯಂತ್ರ ಏಳಲು ಬೇಕಾದ ಫೈಲುಗಳಿರುವ ಬೂಟ್ ವಿಭಾಗ 100% ಭರ್ತಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಬೂಟ್‌ಗೆ ಪ್ರತ್ಯೇಕವಾದ ಚಿಕ್ಕ ವಿಭಾಗವಿರುತ್ತದೆ. ಪ್ರತಿ ಹೊಸ ಕರ್ನಲ್ ಅಲ್ಲಿ ತಾನು ಏಳುವಾಗ ಮೊದಲು ಬೇಕಾಗುವ ಸಾಮಾನು ತುಂಬಿದ ಇನಿಟ್‌ಆರ್‌ಡಿ ಎಂಬ ಫೈಲನ್ನು ತಂದಿಡುತ್ತದೆ. ಗ್ರಾಫಿಕ್ಸ್ ಡ್ರೈವರ್ ಸೇರಿಕೊಂಡರೆ ಅದು ನೂರು ಎಂಬಿ ದಾಟುವುದೂ ಉಂಟು. ಹಳೆಯವು ಹೋಗದೆ ಹೊಸವು ಬರುತ್ತಿದ್ದರೆ ಇನ್ನೇನಾದೀತು?

ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿಯ ದಾಖಲೆ ತೆರೆದಾಗ ಉಳಿದದ್ದೂ ತಿಳಿಯಿತು. ಹೊಸ ಪ್ಯಾಕೇಜುಗಳು ಬಿಚ್ಚಿಕೊಂಡಿದ್ದವು, ಜೋಡಣೆಯ ಹಂತದಲ್ಲಿ ಜಾಗವಿಲ್ಲದೆ ಎಲ್ಲವೂ ನಿಂತಿತ್ತು. ಗ್ರಾಫಿಕ್ಸ್ ಡ್ರೈವರಿನ ಹಳೆಯ ಕರ್ನಲ್ ತುಣುಕು ತೆಗೆದುಹೋಗಿತ್ತು, ಹೊಸದು ಕಟ್ಟಲ್ಪಟ್ಟಿರಲಿಲ್ಲ. ಲಾಗಿನ್ ಪರದೆ ಹೇಗೋ ಬಡ ಚಿತ್ರದಲ್ಲಿ ಮೂಡುತ್ತಿತ್ತು, ಪೂರ್ತಿ ಡೆಸ್ಕ್‌ಟಾಪ್ ಏಳುವಾಗ ಮುಗ್ಗರಿಸುತ್ತಿತ್ತು.

ಪರಿಹಾರಕ್ಕೆ ಹಿಡಿದದ್ದು ಹುಡುಕಿದ್ದಕ್ಕಿಂತ ಕಡಿಮೆ ಹೊತ್ತು. ಯುನೇಮ್ ಮೈನಸ್ ಆರ್ ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದು ಎಂದು ಚೀಟಿಯಲ್ಲಿ ಬರೆದುಕೊಂಡೆ. ಅದನ್ನು ಮುಟ್ಟುವ ಹಾಗಿಲ್ಲ. ಎಲ್ಲಕ್ಕಿಂತ ಹಳೆಯ ಕರ್ನಲ್‌ನ ಇನಿಟ್‌ಆರ್‌ಡಿಯನ್ನು ಅಳಿಸದೆ ನನ್ನ ಹೋಮ್ ಫೋಲ್ಡರಿಗೆ ಸರಿಸಿದೆ. ಜಾಗವಾಯಿತು. ನಂತರ ನಿರ್ವಾಹಕನ ಅಧಿಕಾರ ಕೊಡುವ ಸುಡೋ ಸಮೇತ ಡಿಪಿಕೆಜಿ ಡ್ಯಾಶ್ ಡ್ಯಾಶ್ ಕಾನ್ಫಿಗರ್ ಮೈನಸ್ ಎ. ಪ್ಯಾಕೇಜುಗಳು ಆಗಲೇ ಇಳಿದು ಬಿಚ್ಚಿಕೊಂಡಿದ್ದರಿಂದ ಇದಕ್ಕೆ ಇಂಟರ್‌ನೆಟ್ ಬೇಕಾಗಲಿಲ್ಲ. ಸಾಲು ಸಾಲಾಗಿ ಜೋಡಣೆ ಸಾಗಿತು. ಡ್ರೈವರ್ ಕಟ್ಟುವ ಕಡೆ ಒಂದಷ್ಟು ಹೊತ್ತು ನಿಂತಂತೆ ಕಂಡಿತು, ಅಲ್ಲಿ ತಾಳ್ಮೆಗೆಟ್ಟು ಕಂಟ್ರೋಲ್ ಸಿ ಒತ್ತಬಾರದು. ಕರ್ನಲ್‌ಗೆ ತಕ್ಕ ಡ್ರೈವರ್ ಕಟ್ಟುವ ಡಿಕೆಎಂಎಸ್‌ನ ಸ್ಟೇಟಸ್ ಕೇಳಿದಾಗ ಹೊಸ ಕರ್ನಲ್‌ನ ಎದುರು ‘ಇನ್‌ಸ್ಟಾಲ್ಡ್’ ಎಂದು ಬಂತು. ಪ್ಯಾಕೇಜು ನಿರ್ವಹಿಸುವ ಎಪಿಟಿಯ ಆಟೋರಿಮೂವ್‌ನಿಂದ ಬೇಡದ ಕರ್ನಲ್‌ಗಳನ್ನು ಕಳಿಸಿ ಮರುಚಾಲೂ ಮಾಡಿದೆ. ಪಾಸ್‌ವರ್ಡ್ ಹೊಡೆದೆ, ಡೆಸ್ಕ್‌ಟಾಪ್ ಬಂತು.

ಕನ್ಸೋಲ್ ತೆರೆಯದೇ ಹೋಗಿದ್ದರೆ ಯಂತ್ರ ಹೊತ್ತಿಕೊಳ್ಳುವಾಗ ಕರ್ನಲ್ ಆರಿಸಲು ಬರುವ ಗ್ರಬ್ ಮೆನುವಿನಿಂದ ಹೋಗುತ್ತಿದ್ದೆ. ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್ ಹಿಡಿದರೆ, ಈಚಿನ ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್ ಒತ್ತಿದರೆ ಅದು ಕಾಣುತ್ತದೆ. ಅಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿದರೆ ಗ್ರಾಫಿಕ್ಸ್ ಡ್ರೈವರಿನ ಹಂಗಿಲ್ಲದೆ ಯಂತ್ರ ಏಳುತ್ತದೆ. ಆ ಬದಲಾವಣೆ ಒಂದು ಸಲಕ್ಕೆ ಮಾತ್ರ.

ಈಗ ಆ ಯಂತ್ರದಲ್ಲಿ ದೂರದಿಂದ ಆಜ್ಞೆ ಕೊಡಲು ಬಿಡುವ ಎಸ್‌ಎಸ್‌ಎಚ್ ಸರ್ವರ್ ಹಾಕಿಟ್ಟಿದ್ದೇನೆ. ಪರದೆ ಸತ್ತರೂ ಕರ್ನಲ್ ಬದುಕಿದ್ದರೆ ಪಕ್ಕದ ಯಂತ್ರದಿಂದಲೇ ಒಳಹೋಗಬಹುದು. ಅಲ್ಲಿನ ಟರ್ಮಿನಲ್‌ನಲ್ಲಿ ಒತ್ತಕ್ಷರ ಒಂಚೂರು ಅತ್ತಿತ್ತ ಸರಿದು ಕೂತರೂ, ಯಾರ ಮದುವೆಯ ಫೋಲ್ಡರ್ ಅದು ಎಂದು ಓದಲಂತೂ ಬರುತ್ತದೆ.